ಟಂಬ್ಲರ್ ಕಲ್ಲು: ಒಂದು ಗ್ರಿಟ್ ಮುಗಿಸಿ ಇನ್ನೊಂದಕ್ಕೆ ಹಾಕುವ ಮುನ್ನ ತೊಳೆಯುವ ಬಗೆ

ಟಂಬ್ಲರ್ ಎಂದರೆ ಒರಟು ಕಲ್ಲನ್ನು ನೀರು, ಗ್ರಿಟ್ (ಉಜ್ಜುವ ಗಟ್ಟಿ ಪುಡಿ) ಜೊತೆ ಬ್ಯಾರೆಲ್ಲಿನಲ್ಲಿ ದಿನಗಟ್ಟಲೆ ಉರುಳಿಸಿ ನುಣುಪು ಮಾಡುವ ಯಂತ್ರ. ಅಗೇಟ್, ಜಾಸ್ಪರ್‌ನಂಥ ಗಟ್ಟಿ ಕಲ್ಲಿಗೆ ನಾನು ಬಳಸುವುದು ಮೂರು ಪೌಂಡಿನ, ಅಂದರೆ ಹೆಚ್ಚುಕಮ್ಮಿ 1.36 ಕೆಜಿ ಹಿಡಿಯುವ ರಬ್ಬರ್ ಬ್ಯಾರೆಲ್. ಗ್ರಿಟ್ಟಿನ ಅಂಕಿ ಹೆಚ್ಚಿದಷ್ಟೂ ಕಾಳು ಸಣ್ಣದು. ಮೊದಲು ಸಿಲಿಕಾನ್ ಕಾರ್ಬೈಡ್ 60/90, ಆಮೇಲೆ 120/220, ಅದಾದ ಮೇಲೆ 500, ಕೊನೆಗೆ ಅಲ್ಯೂಮಿನಿಯಂ ಆಕ್ಸೈಡ್ ಪಾಲಿಶ್. ಒಂದೊಂದಕ್ಕೂ ವಾರದ ಲೆಕ್ಕ. ಕಲ್ಲು ದುಂಡಗಾಗದಿದ್ದರೆ ಮೊದಲ ಹಂತಕ್ಕೇ ಎರಡು ಮೂರು ವಾರ ಹಿಡಿಯುತ್ತದೆ. ಯಂತ್ರ ತಿರುಗುವಷ್ಟು ದಿನ ನಮಗೇನೂ ಕೆಲಸವಿಲ್ಲ, ಇರುವ ಕೆಲಸವೆಲ್ಲ ತೊಳೆಯುವಾಗಲೇ. ಹೊಳಪು ಬರಲಿಲ್ಲವೆಂದು ಪಾಲಿಶ್ ಪುಡಿಯನ್ನು ಬೈಯುವವರು ಮೊದಲು ತಾವು ತೊಳೆದ ಬಕೆಟ್ಟನ್ನು ನೋಡಬೇಕು.

60ರ ಗ್ರಿಟ್ ಕಾಳು ಸುಮಾರು ಕಾಲು ಮಿಲಿಮೀಟರ್ ಇರುತ್ತದೆ. 220ರದು 0.06 ಮಿ.ಮೀ. ಆಸುಪಾಸು. ಪಾಲಿಶ್ ಪುಡಿಯ ಕಣ ಒಂದೆರಡು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಕೆಲವಂತೂ ಅದಕ್ಕೂ ಸಣ್ಣವು. ಪಾಲಿಶ್ ಹಂತದಲ್ಲಿ ಒಂದೇ ಒಂದು ದಪ್ಪ ಕಾಳು ಸೇರಿಕೊಂಡರೂ ಅದು ಎಲ್ಲ ಕಲ್ಲಿನ ಮೇಲೂ ಗೀರುತ್ತಾ ತಿರುಗುತ್ತದೆ. ವಾರವಿಡೀ ಉರುಳಿದ ಮೇಲೆ ಗ್ರಿಟ್ ಪುಡಿಯಾಗಿರುವುದಿಲ್ಲವೇ ಎಂದರೆ, ಕಲ್ಲು ಕಲ್ಲಿನ ನಡುವೆ ಸಿಕ್ಕಿದ್ದು ಪುಡಿಯಾಗಿರುತ್ತದೆ, ನಿಜ. ಬಿರುಕಿನೊಳಗೆ ಹೊಕ್ಕ ಕಾಳಿಗೆ ಮಾತ್ರ ಏಟೇ ಬಿದ್ದಿರುವುದಿಲ್ಲ. ಹಾಕಿದ ದಿನದ ಗಾತ್ರದಲ್ಲೇ ಕೂತಿರುತ್ತದೆ. ಮುಚ್ಚಳದ ಅಂಚಿಗೆ ಸಿಡಿದು ಅಂಟಿದ್ದರ ಕಥೆಯೂ ಅದೇ.

ಬ್ಯಾರೆಲ್ ತೆಗೆದ ಕೂಡಲೇ ತೊಳೆಯಬೇಕು. ಒಳಗೆ ಅನಿಲ ಕಟ್ಟಿರಬಹುದಾದ್ದರಿಂದ ಮುಚ್ಚಳವನ್ನು ಮುಖದಿಂದ ಆಚೆ ಹಿಡಿದು ನಿಧಾನವಾಗಿ ಸಡಿಲಿಸುತ್ತೇನೆ. ಗ್ರಿಟ್, ಕಲ್ಲಿನ ಪುಡಿ, ನೀರು ಕಲೆತ ರಾಡಿ ಒಣಗಿದರೆ ಸಿಮೆಂಟಿನ ಹಾಗೆ ಹಿಡಿದುಕೊಳ್ಳುತ್ತದೆ, ಸಂದಿನಲ್ಲಿ ಒಣಗಿದ್ದನ್ನು ಬಿಡಿಸುವುದಂತೂ ಬಲು ಕಷ್ಟ. ಆ ಹೊತ್ತಿಗೆ ಪುರುಸೊತ್ತಿಲ್ಲದಿದ್ದರೆ ಕಲ್ಲುಗಳನ್ನು ನೀರಲ್ಲಿ ಮುಳುಗಿಸಿಡಬೇಕು.

ಎರಡು ಬಕೆಟ್, ತರಕಾರಿ ತೊಳೆಯುವ ತೂತಿನ ಪ್ಲಾಸ್ಟಿಕ್ ಬುಟ್ಟಿ ಒಂದು, ಗಟ್ಟಿ ಎಳೆಯ ಹಳೇ ಟೂತ್‌ಬ್ರಶ್ ಸಾಕು. ಬುಟ್ಟಿಯನ್ನು ಮೊದಲ ಬಕೆಟ್ ಮೇಲಿಟ್ಟು ಬ್ಯಾರೆಲ್ ಬಗ್ಗಿಸುತ್ತೇನೆ, ಚೊಂಬಿನಿಂದ ನೀರು ಸುರಿದು ದಪ್ಪ ರಾಡಿ ಇಳಿಸುತ್ತೇನೆ. ಎರಡನೇ ಬಕೆಟ್‌ನಲ್ಲಿ ಬುಟ್ಟಿಯನ್ನು ಮುಳುಗಿಸಿ ಕುಲುಕಿ, ನೀರು ತಿಳಿಯಾಗುವವರೆಗೆ ಬದಲಿಸುತ್ತೇನೆ. ಇದರಲ್ಲಿ ಒಂದು ಹನಿಯೂ ಸಿಂಕಿಗೆ ಅಥವಾ ಬಚ್ಚಲಿಗೆ ಹೋಗಬಾರದು. ಸಿಂಕ್ ಕೆಳಗಿನ ಬಾಗಿದ ಪೈಪಿನಲ್ಲಿ ರಾಡಿ ಕೂತರೆ ಪೈಪನ್ನೇ ಬಿಚ್ಚಿಸಬೇಕಾಗುತ್ತದೆ. ಬಕೆಟ್ಟನ್ನು ರಾತ್ರಿಯಿಡೀ ಅಲುಗಿಸದೆ ಬಿಟ್ಟರೆ ಗಸಿ ತಳ ಸೇರುತ್ತದೆ. ಮೇಲಿನ ನೀರನ್ನು ಅಂಗಳದ ಮಣ್ಣಿಗೆ ಚೆಲ್ಲಿ, ಗಸಿಯನ್ನು ಹಸಿಯಾಗಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ ಕಸಕ್ಕೆ ಹಾಕುತ್ತೇನೆ. ಒಣಗಿಸಿ ಕೆರೆಯುವುದು, ನೆಲಕ್ಕೆ ಬಿದ್ದದ್ದನ್ನು ಪೊರಕೆಯಿಂದ ಗುಡಿಸುವುದು ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ. ಅಗೇಟ್ ಎಂದರೆ ಸಿಲಿಕಾ. ಅದರ ನುಣ್ಣನೆಯ ಧೂಳು ಶ್ವಾಸಕೋಶಕ್ಕೆ ವಿಷ. ಗುಜರಾತಿನ ಖಂಭಾತ್‌ನಲ್ಲಿ ಅಗೇಟ್ ಅರೆಯುವ ಕೆಲಸಗಾರರನ್ನು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಕಾಡುತ್ತಾ ಬಂದಿರುವುದು ಇದೇ ಧೂಳಿನಿಂದ.

ನೀರು ತಿಳಿಯಾಯಿತು ಎಂದರೆ ಕಲ್ಲು ಶುದ್ಧವಾಯಿತು ಎಂದಲ್ಲ. ಈಗ ಒಂದೊಂದೇ ಕಲ್ಲನ್ನು ಕೈಗೆತ್ತಿಕೊಂಡು ಬ್ರಶ್ ಹಾಕಬೇಕು, ಬಿರುಕು ಹೋದ ದಿಕ್ಕಿನಲ್ಲೇ. ಅಡ್ಡ ಉಜ್ಜಿದರೆ ಎಳೆ ಒಳಗೆ ಹೋಗುವುದೇ ಇಲ್ಲ. ಆಮೇಲೆ ಬಿಳಿ ಪಿಂಗಾಣಿ ಬೋಗುಣಿಯಲ್ಲಿ ಹಿಡಿಯಷ್ಟು ಕಲ್ಲು, ಮುಳುಗುವಷ್ಟು ಶುದ್ಧ ನೀರು ಹಾಕಿ ಗರಗರ ತಿರುಗಿಸಿ, ಕಲ್ಲು ತೆಗೆದು, ಒಂದು ನಿಮಿಷ ಬಿಟ್ಟು ನೀರನ್ನು ಮೆಲ್ಲಗೆ ಓರೆ ಮಾಡಿ ಬಗ್ಗಿಸುತ್ತೇನೆ. ಸಿಲಿಕಾನ್ ಕಾರ್ಬೈಡ್ ಕಲ್ಲಿನ ಪುಡಿಗಿಂತ ಭಾರ. ಉಳಿದಿದ್ದರೆ ಬೋಗುಣಿಯ ತಳದ ಅಂಚಿನಲ್ಲಿ ಕಪ್ಪಗೆ ಮಿಣುಕುವ ಚುಕ್ಕೆಗಳಾಗಿ ಕಾಣುತ್ತದೆ. 60/90 ಕಣ್ಣಿಗೆ ಕಾಣುತ್ತದೆ, 220 ಬೆರಳಿಗೆ ಮರಳುಮರಳಾಗಿ ಸಿಗುತ್ತದೆ. 500 ಎರಡಕ್ಕೂ ಸಿಗುವುದಿಲ್ಲ, ಬೂದು ಮಬ್ಬಾಗಿ ನೀರಿನಲ್ಲಿ ತೇಲುತ್ತದೆ.

ಮುಂದಿನದು ಒಣಗಿಸುವುದು. ಒದ್ದೆ ಕಲ್ಲು ಎಲ್ಲವನ್ನೂ ಮುಚ್ಚಿಡುತ್ತದೆ. ಪಾಲಿಶ್ ಆಗದ ಕಲ್ಲೂ ಒದ್ದೆಯಾಗಿದ್ದರೆ ಹೊಳೆಯುತ್ತದೆ. ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿದ ಮೇಲೆ, ಓರೆ ಬೆಳಕಿನಲ್ಲಿ 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಲೂಪ್‌ನಿಂದ ನೋಡಿದರೆ, ರಾಡಿ ಉಳಿದ ಬಿರುಕು ಬೂದು ಇಲ್ಲವೇ ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ. ಬೋರ್‌ವೆಲ್ ನೀರಿನ ಊರಿನವರಿಗೆ ಇಲ್ಲೊಂದು ಗೊಂದಲವಿದೆ. ಗಡಸು ನೀರು ಆರಿದರೂ ಬಿಳಿ ಪೊರೆ ಬಿಡುತ್ತದೆ. ಹತ್ತಿಯಲ್ಲಿ ವಿನೆಗರ್ ಅದ್ದಿ ಅಲ್ಲಿ ಒತ್ತಿ ಹಿಡಿಯಿರಿ. ಸುಣ್ಣದ ಪೊರೆಯಾದರೆ ಕರಗಿ ಹೋಗುತ್ತದೆ, ರಾಡಿಯಾದರೆ ಜಪ್ಪಯ್ಯ ಎಂದರೂ ಕದಲುವುದಿಲ್ಲ. ಅಗೇಟ್, ಜಾಸ್ಪರ್‌ಗೆ ವಿನೆಗರ್‌ನಿಂದ ತೊಂದರೆಯಿಲ್ಲ. ಕ್ಯಾಲ್ಸೈಟ್, ಅಮೃತಶಿಲೆಗೆ ಮಾತ್ರ ಮುಟ್ಟಿಸಬೇಡಿ.

ಬ್ರಶ್‌ಗೆ ಬಗ್ಗದಿದ್ದರೆ ಕನ್ನಡಕ ತೊಳೆಯುವ ಸಣ್ಣ ಅಲ್ಟ್ರಾಸಾನಿಕ್ ಯಂತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಕಲ್ಲನ್ನು ನೇರ ತೊಟ್ಟಿಯ ತಳಕ್ಕಲ್ಲ, ಅದರ ಜಾಲರಿಯಲ್ಲಿ ಇಡಬೇಕು. ಬಿರುಕಿನಿಂದ ಹೊಗೆ ಎದ್ದಂತೆ ರಾಡಿ ಹೊರಬರುವುದು ಕಾಣುತ್ತದೆ. ಅದು ನಿಲ್ಲುವವರೆಗೆ ನೀರು ಬದಲಿಸಿ ಓಡಿಸುತ್ತೇನೆ. ಆದರೂ ನನ್ನ ಮಟ್ಟಿಗೆ, ಆಳವಾದ ಬಿರುಕು, ಕುಳಿ ಇರುವ ಕಲ್ಲನ್ನು ತೊಳೆಯುತ್ತಾ ಕೂರುವುದಕ್ಕಿಂತ 60/90ಕ್ಕೇ ವಾಪಸ್ ಹಾಕುವುದು ಮೇಲು. ಬಿರುಕು ಸವೆದು ಹೋದರೆ ಮುಂದಕ್ಕೆ, ಹೋಗದಿದ್ದರೆ ಹೂಕುಂಡಕ್ಕೆ. 500ರಿಂದ ತೆಗೆದಾಗ ಹೊಸದಾಗಿ ಚಕ್ಕೆ ಎದ್ದ ಕಲ್ಲು ಸಿಕ್ಕರೂ ಇದೇ ನಿಯಮ. ಸಂಡೂರು ಸೀಮೆಯ ಪಟ್ಟೆ ಪಟ್ಟೆಯ ಹೆಮಟೈಟ್ ಜಾಸ್ಪರ್ ಇದರಲ್ಲಿ ಬಹಳ ಸತಾಯಿಸುತ್ತದೆ. ಹೆಮಟೈಟ್ ಪಟ್ಟೆ ಜಾಸ್ಪರ್‌ಗಿಂತ ಬೇಗ ಸವೆದು ತೋಡಾಗುತ್ತದೆ, ಗ್ರಿಟ್ ಆ ತೋಡಿನ ಉದ್ದಕ್ಕೂ ಕೂರುತ್ತದೆ. ಅದನ್ನು ಅಗೇಟ್ ಜೊತೆ ಬೆರೆಸದೆ ಪ್ರತ್ಯೇಕವಾಗಿಯೇ ಓಡಿಸಿ.

ಬ್ಯಾರೆಲ್ಲಿನ ಒಳಗೋಡೆಯನ್ನು ಎಲ್ಲರೂ ತೊಳೆಯುತ್ತಾರೆ. ಗ್ರಿಟ್ ಅಡಗುವುದು ಮುಚ್ಚಳ ಕೂರುವ ತುಟಿಯಲ್ಲಿ, ಒಳಮುಚ್ಚಳದ ಅಂಚಿನ ಕೆಳಗೆ, ನಟ್ಟಿನ ತಿರುಪು ಗೆರೆಗಳಲ್ಲಿ, ವಾಷರ್ ಅಡಿಯಲ್ಲಿ. ಎಲ್ಲವನ್ನೂ ಬಿಚ್ಚಿ, ಕಡ್ಡಿಗೆ ಬಟ್ಟೆ ಸುತ್ತಿ ಒರೆಸಬೇಕು. ಪಾಲಿಶ್‌ಗೆಂದೇ ಇನ್ನೊಂದು ಬ್ಯಾರೆಲ್ ಇಟ್ಟುಕೊಂಡರೆ ಅರ್ಧ ತಲೆನೋವು ಕಡಿಮೆ. ಬ್ಯಾರೆಲ್ ತುಂಬಲು ಕಲ್ಲಿನ ಜೊತೆ ಹಾಕುವ ಸೆರಾಮಿಕ್ ತುಂಡುಗಳನ್ನೂ ಹಂತಕ್ಕೊಂದು ಡಬ್ಬಿಯಂತೆ ಬೇರೆ ಇಡುತ್ತೇನೆ. ಅದೇ ಕೆಲಸಕ್ಕೆ ಬಳಸುವ ಪ್ಲಾಸ್ಟಿಕ್ ಮಣಿಯಲ್ಲಿ ಗ್ರಿಟ್ ಚುಚ್ಚಿಕೊಂಡು ಉಳಿಯುತ್ತದೆ, ತೊಳೆದರೂ ಬರುವುದಿಲ್ಲ. ಒಂದು ಹಂತದ್ದನ್ನು ಇನ್ನೊಂದಕ್ಕೆ ಬಳಸಲೇಬಾರದು.

500 ಮುಗಿದು ಪಾಲಿಶ್‌ಗೆ ಹಾಕುವ ಮುನ್ನ ಒಂದು ಸೋಪಿನ ಓಟ. ಬ್ಯಾರೆಲ್ ಮುಕ್ಕಾಲು ಕಲ್ಲು, ಮೇಲಿನ ಸಾಲಿನ ಬುಡದವರೆಗೆ ನೀರು, ತುರಿದ ಸಾದಾ ಸೋಪು ಒಂದೂವರೆ ಟೇಬಲ್ ಚಮಚ. ಸೋಪು ಇಲ್ಲದಿದ್ದರೆ ಒಂದು ಟೇಬಲ್ ಚಮಚ ಬಿಳಿಗಾರವೂ ಆಗುತ್ತದೆ. ಎರಡು ಮೂರು ಗಂಟೆ ತಿರುಗಿಸಿದರೆ ಸಾಕು. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದರೆ ನೊರೆ ಮುಚ್ಚಳದ ಸಂದಿಯಿಂದ ಉಕ್ಕಿ ಯಂತ್ರದ ಬೆಲ್ಟ್ ಮೇಲೆ ಇಳಿಯುತ್ತದೆ. ಹೊರಬಂದ ನೀರನ್ನು ಬಿಳಿ ಬೋಗುಣಿಗೆ ಹಾಕಿ ನೋಡುತ್ತೇನೆ. ಬೂದು ಬಣ್ಣವಿದ್ದರೆ ಇನ್ನೊಂದು ಓಟ, ಬರೀ ಸೋಪಿನ ಬಿಳುಪಾದರೆ ಮುಂದೆ. ಪಾಲಿಶ್ ಪುಡಿಯ ಡಬ್ಬಿ ತೆರೆಯುವುದು ಕೈ, ಉಗುರಿನ ಸಂದಿ ತೊಳೆದು, ಗ್ರಿಟ್ ಚಮಚಗಳನ್ನೆಲ್ಲ ಆಚೆ ಎತ್ತಿಟ್ಟ ಮೇಲೆಯೇ.