ಪಿಕಪ್‌ನ ಕಪ್ಪು ಹೊಗೆ, ಕುಸಿದ ಮೈಲೇಜ್: ದೋಷವಿದ್ದದ್ದು ಇಂಟರ್‌ಕೂಲರ್ ಹೋಸ್‌ನಲ್ಲಿ

ಲೋಡ್ ಹಾಕಿ ಏರು ಹತ್ತಿಸಿದರೆ ಕಪ್ಪು ಹೊಗೆ, ಎಳೆತವಿಲ್ಲ, ಮೈಲೇಜ್ ಇಳಿಮುಖ. ಖಾಲಿ ಗಾಡಿ ಸರಿಯಾಗಿಯೇ ಓಡುತ್ತಿತ್ತು. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಿಸಿದೆ, ಇಂಜೆಕ್ಟರ್ ಪರೀಕ್ಷೆ ಮಾಡಿಸಿದೆ, ಪ್ರಯೋಜನವಾಗಲಿಲ್ಲ. ಟ್ಯಾಂಕಿಗೆ ಸುರಿಯುವ ಕ್ಲೀನರ್‌ಗೆ ಕೊಟ್ಟ ಹಣ ದಂಡ.

ಎಂಜಿನ್‌ಗೆ ಗಾಳಿ ಒತ್ತಿ ತುಂಬುವುದು ಟರ್ಬೊ, ಆ ಬಿಸಿ ಗಾಳಿಯನ್ನು ತಣಿಸುವುದು ಇಂಟರ್‌ಕೂಲರ್. ಈ ಇಂಟರ್‌ಕೂಲರ್‌ನ ಹೋಸ್‌ನ ಅಡಿಭಾಗದಲ್ಲಿ ಸೀಳಿತ್ತು. ಲೋಡ್‌ನಲ್ಲಿ ಒತ್ತಡ ಬಂದಾಗ ಮಾತ್ರ ಅದು ಬಾಯಿ ಬಿಡುತ್ತದೆ, ಬರಿಗಣ್ಣಿಗೆ ಸಿಗದು. ಆಗ ಗಾಳಿ ಸೋರಿ, ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಹೊಗೆ ಬರುತ್ತದೆ. ಎಂಜಿನ್ ಆರಿಸಿ ತಣ್ಣಗಾಗಲು ಬಿಟ್ಟು, ಟರ್ಬೊಗೆ ಗಾಳಿ ಒಳಬರುವ ಬಾಯಿಗೆ ಅಡಾಪ್ಟರ್ ಬಿಗಿದು, ರೆಗ್ಯುಲೇಟರ್‌ನಲ್ಲಿ ಗಾಳಿಯ ಒತ್ತಡವನ್ನು ಸೊನ್ನೆಯಿಂದ ನಿಧಾನವಾಗಿ 10 ಪಿಎಸ್‌ಐಗೆ ಏರಿಸಿದೆ. ಆಮೇಲೆ ಪ್ರತಿ ಜೋಡಣೆಗೂ ಸೋಪಿನ ನೀರು ಸಿಂಪಡಿಸಿದೆ. ಹೋಸ್ ಬಿಗಿಯುವ ಕ್ಲಾಂಪ್‌ನ ಪಕ್ಕದಲ್ಲೇ ಬುಳುಬುಳು ನೊರೆ ಎದ್ದಿತು.

ಹೊಸ ಹೋಸ್ ಹಾಕುವ ಮುನ್ನ ಪೈಪಿನ ತುದಿಯ ಎಣ್ಣೆಯನ್ನು ಪೂರ್ತಿ ಒರೆಸಬೇಕು, ಇಲ್ಲದಿದ್ದರೆ ಲೋಡ್‌ನಲ್ಲಿ ಹೋಸ್ ಜಾರಿ ಕಳಚುತ್ತದೆ. ಕ್ಲಾಂಪ್ ಪೈಪಿನ ಉಬ್ಬುಗೆರೆಯನ್ನು ದಾಟಿ ಕೂರಬೇಕು, ಅದರ ಮೇಲಲ್ಲ. ಬಿಗಿದ ಮೇಲೆ ಅದೇ ಒತ್ತಡದಲ್ಲಿ ಮತ್ತೊಮ್ಮೆ ಪರೀಕ್ಷಿಸಿದೆ. ಹೊಗೆ ನಿಂತಿದೆ, ಮೈಲೇಜ್ ಮೊದಲಿನ ಮಟ್ಟಕ್ಕೆ ಬಂದಿದೆ.