ಟಿಕೆಟ್‌ನಲ್ಲಿ 3 ತಾಸು, ಸೀಟಿನಲ್ಲಿ ಹದಿನಾರೂವರೆ ತಾಸು

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊಸದಾಗಿ ಬರೋರು ಮೊದಲು ಕೇಳೋದು ಇದೇ: "ಅಣ್ಣಾ, ಎಷ್ಟು ತಾಸಿನ ದಾರಿ?" ವಿಮಾನದ್ದು ಕೇಳ್ತಿದ್ದೀರೋ, ಮನೆಯಿಂದ ಮನೆಗೋ? ಎರಡಕ್ಕೂ ಹತ್ತು ತಾಸಿಗಿಂತ ಜಾಸ್ತಿ ವ್ಯತ್ಯಾಸ ಇದೆ.

ಬೆಂಗಳೂರಿಂದ ಇಲ್ಲಿಗೆ ನೇರ ದೂರ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನವನ್ನು ಮಹಿಳಾ ಪೈಲಟ್‌ಗಳು ಇಲ್ಲಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಹೋದರು. ಗೋಡೆಯ ನಕಾಶೆ ನೋಡಿದರೆ ಇದೆಂಥ ಸುತ್ತು ಅನ್ನಿಸುತ್ತೆ. ಗುಂಡನೆಯ ಕುಂಬಳಕಾಯಿ ಮೇಲೆ ದಾರ ಎಳೆದು ನೋಡಿ, ಅದೇ ಹತ್ತಿರದ ದಾರಿ ಅಂತ ಗೊತ್ತಾಗುತ್ತೆ.

ಟಿಕೆಟ್‌ನಲ್ಲಿ ಬರೆದಿರೋದು ಆಯಾ ಊರಿನ ಸಮಯ, ಇದನ್ನು ಮರೀಬೇಡಿ. ಬೆಂಗಳೂರು ಬಿಡೋದು ಮಧ್ಯಾಹ್ನ 2ಕ್ಕೆ, ಇಲ್ಲಿ ಇಳಿಯೋದು ಅದೇ ದಿನ ಸಂಜೆ 5ಕ್ಕೆ ಅಂತಿದೆ ಅಂದುಕೊಳ್ಳಿ. ನಮ್ಮ ಅವ್ವ ಇಂಥ ಟಿಕೆಟ್ ನೋಡಿ "ಮೂರೇ ತಾಸಾ? ಬುತ್ತಿ ಯಾಕೆ ಬೇಕು" ಅಂದಿದ್ದಳು! ಚಳಿಗಾಲದಲ್ಲಿ ಇಲ್ಲಿನ ಗಡಿಯಾರ ನಮ್ಮೂರಿಗಿಂತ ಹದಿಮೂರೂವರೆ ತಾಸು ಹಿಂದೆ, ಹಾಗಾಗಿ ಕೂತಿರಬೇಕಾದ್ದು ಹದಿನಾರೂವರೆ ತಾಸು. ಬೇಸಿಗೆಯಲ್ಲಿ ಇಲ್ಲಿ ಗಡಿಯಾರ ಒಂದು ತಾಸು ಮುಂದೆ ಇಡ್ತಾರೆ, ಆಗ ವ್ಯತ್ಯಾಸ ಹನ್ನೆರಡೂವರೆ. ವಾಪಸ್ ಹೋಗುವಾಗ ಇದರ ಉಲ್ಟಾ. ಶುಕ್ರವಾರ ರಾತ್ರಿ ಹತ್ತಿದರೆ ಭಾನುವಾರ ನಸುಕಿಗೆ ಇಳೀತೀರಿ, ಶನಿವಾರ ಎಲ್ಲಿ ಹೋಯಿತೋ ಗೊತ್ತೇ ಆಗಲ್ಲ. ರಜೆ ಬರೆದುಕೊಡುವಾಗ ಈ ಲೆಕ್ಕ ತಪ್ಪಿದರೆ ಕಷ್ಟ.

ರಾಯಚೂರಿನವರು ಸುಮ್ನೆ ಬೆಂಗಳೂರಿಗೆ ಹೋಗಬೇಡಿ, ಹೈದರಾಬಾದ್ ಹತ್ತಿರ. ಅಲ್ಲಿಂದ ದುಬೈಗೆ ಸುಮಾರು 4 ತಾಸು, ದುಬೈಯಿಂದ ಇಲ್ಲಿಗೆ ಸುಮಾರು 16, ನಡುವೆ ಕಾಯೋದು ಬೇರೆ. ಬಳ್ಳಾರಿಯಿಂದ ಕಾರಲ್ಲಿ ಬರೋರಿಗೆ ಒಂದು ಅನುಕೂಲ: ಅನಂತಪುರ, ಚಿಕ್ಕಬಳ್ಳಾಪುರದ ಮೇಲೆ ಬಂದರೆ ಬೆಂಗಳೂರಿಗಿಂತ ಮೊದಲೇ ದೇವನಹಳ್ಳಿ ಸಿಗುತ್ತೆ, ಊರೊಳಗಿನ ಟ್ರಾಫಿಕ್ ಗೋಳಿಲ್ಲ. ರಸ್ತೆಗೆ 5-6 ತಾಸು, ಏರ್‌ಪೋರ್ಟ್‌ನಲ್ಲಿ 3, ನೇರ ವಿಮಾನವಾದರೆ ಅದರಲ್ಲಿ ಹದಿನಾರೂವರೆ, ಇಲ್ಲಿ ಇಳಿದ ಮೇಲೆ ಇಮಿಗ್ರೇಷನ್ ಸಾಲು. ಎಲ್ಲ ಸೇರಿಸಿ 27-28 ತಾಸು ಹಿಡೀರಿ.

ನೂರು ಡಾಲರ್ ಉಳಿಯುತ್ತೆ ಅಂತ ಎರಡು ಬೇರೆ ಬೇರೆ ಟಿಕೆಟ್ ಮಾತ್ರ ತಗೋಬೇಡಿ. ನಾನು ಮಾಡಿದ್ದೆ. ಮೊದಲ ವಿಮಾನ ತಡವಾಯಿತು, ಎರಡನೆಯದು ಹೋಗಿಬಿಟ್ಟಿತ್ತು, "ನಮಗೆ ಸಂಬಂಧ ಇಲ್ಲ" ಅಂದರು ವಿಮಾನ ಕಂಪನಿಯವರು. ಹೊಸ ಟಿಕೆಟ್‌ಗೆ ಉಳಿಸಿದ್ದಕ್ಕಿಂತ ಎಷ್ಟೋ ಪಟ್ಟು ಹೋಯಿತು. ಒಂದೇ ಟಿಕೆಟ್ ಇದ್ದರೂ ನ್ಯೂಯಾರ್ಕ್, ಶಿಕಾಗೋ ಮೇಲೆ ಬರೋದಾದರೆ ಅಲ್ಲಿ 3 ತಾಸಾದರೂ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಅಮೆರಿಕದಲ್ಲಿ ಮೊದಲು ಇಳಿಯೋ ಊರಲ್ಲೇ ದೊಡ್ಡ ಬ್ಯಾಗ್ ಇಳಿಸಿಕೊಂಡು ಮತ್ತೆ ಹಾಕಬೇಕು.

ಚಳಿಗಾಲದಲ್ಲಿ ಸಂಜೆ 5ಕ್ಕೆ ಇಳಿದರೆ ಊರಲ್ಲಿ ಆಗ ಬೆಳಿಗ್ಗೆ 6.30. ಕೂಡಲೇ ಫೋನ್ ಮಾಡಿ, ಮನೆಯವರು ಎದ್ದು ಕಾಯ್ತಾ ಕೂತಿರ್ತಾರೆ.