ನೆಂಟರ ಮನೆಗೆ ಹೊರಡೋ ಹಿಂದಿನ ದಿನ ಮಕ್ಕಳ ಜೊತೆ ಬೇಕಿಂಗ್: ನನ್ನ ಅನುಭವ

ನಮ್ಮನೇಲಿ ಇಬ್ಬರು ಮಕ್ಕಳು, ದೊಡ್ಡವಳಿಗೆ ಆರು ವರ್ಷ, ಚಿಕ್ಕವನಿಗೆ ಮೂರು. ದೊಡ್ಡವಳು ಎಲ್ಲರ ಹತ್ರಾನೂ ಹೋಗ್ತಾಳೆ, ಆದ್ರೆ ಚಿಕ್ಕವನಿಗೆ ಹೊಸ ಮನೆ, ಹೊಸ ಮುಖ ಅಂದ್ರೆ ಆಗಲ್ಲ, ಬಾಗಿಲಲ್ಲೇ ನನ್ನ ಕಾಲು ತಬ್ಕೊಂಡು ನಿಂತುಬಿಡ್ತಾನೆ, ನೆಂಟರು ಪಾಪ ಪ್ರೀತಿಯಿಂದಲೇ ಬಾ ಪುಟ್ಟಾ ಎತ್ಕೋತೀನಿ ಅಂತ ಕೈ ಚಾಚ್ತಾರೆ, ಅವನು ಇನ್ನಷ್ಟು ಮುದುಡ್ಕೋತಾನೆ. ಇದಕ್ಕೆ ನಮ್ಮನೇಲಿ ಕೆಲಸ ಮಾಡಿರೋದು ಒಂದೇ, ಹೊರಡೋ ಹಿಂದಿನ ದಿನ ಮಕ್ಕಳ ಕೈಲೇ ಏನಾದ್ರೂ ಬೇಕ್ ಮಾಡ್ಸೋದು, ಮಾರನೇ ದಿನ ಆ ಡಬ್ಬಿನ ಅವರ ಕೈಯಿಂದಲೇ ಕೊಡಿಸೋದು. ಮಗು ಕೈಲಿ ಡಬ್ಬಿ ಇದ್ರೆ ಅದಕ್ಕೆ ಆ ಮನೇಲಿ ಒಂದು ಕೆಲಸ ಇರುತ್ತೆ, ಎಲ್ಲರೂ ತನ್ನನ್ನೇ ನೋಡ್ತಿದಾರೆ ಅನ್ನೋ ಭಯ ಇರಲ್ಲ, ಎಲ್ಲರ ಕಣ್ಣೂ ಡಬ್ಬಿ ಮೇಲಿರುತ್ತೆ.

ಏನು ಮಾಡ್ಬೇಕು ಅನ್ನೋದಕ್ಕೆ ನನ್ನದು ಒಂದೇ ನಿಯಮ, ಕ್ರೀಮ್ ಹಚ್ಚೋ ಯಾವುದೂ ಬೇಡ. ದಾರೀಲಿ ಕರಗುತ್ತೆ, ಹೊರಗಡೆ ಎರಡು ಗಂಟೆಗಿಂತ ಜಾಸ್ತಿ ಇಡೋ ಹಾಗೂ ಇಲ್ಲ, ಮಕ್ಕಳ ಕೈಗೆ ಕೊಡೋಕಂತೂ ಆಗಲ್ಲ. ಬಾಳೆಹಣ್ಣಿನ ಮಫಿನ್ ಎಲ್ಲಕ್ಕಿಂತ ಒಳ್ಳೇದು. ಸಿಪ್ಪೆ ಕಪ್ಪಾಗಿರೋ ಮೂರು ಹಣ್ಣು, 100 ಗ್ರಾಂ ಸಕ್ಕರೆ, 80 ಎಂಎಲ್ ಎಣ್ಣೆ, ಕಾಲು ಕಪ್ ಮೊಸರು, 190 ಗ್ರಾಂ ಮೈದಾ, ಒಂದು ಟೀ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು. ಮೊಟ್ಟೆ ಬೇಡ, ಮೊಸರಿನ ಹುಳಿ ಸೋಡಾ ಜೊತೆ ಸೇರಿದಾಗ ಬರೋ ಗ್ಯಾಸೇ ಹಿಟ್ಟನ್ನ ಉಬ್ಬಿಸುತ್ತೆ. ಅದಕ್ಕೇ ಕಲಸಿದ ಮೇಲೆ ಕಾಯಬಾರದು, ಓವನ್ ಮೊದಲೇ 180 ಡಿಗ್ರಿಗೆ ಬಿಸಿಯಾಗಿರಬೇಕು, ಹಿಟ್ಟು ಮೋಲ್ಡಿಗೆ ಹಾಕಿದ ತಕ್ಷಣ ಒಳಗೆ ಇಡ್ಬೇಕು. ಮಫಿನ್ ಆದ್ರೆ 18ರಿಂದ 22 ನಿಮಿಷ ಸಾಕು. ಮಧ್ಯಕ್ಕೆ ಕಡ್ಡಿ ಚುಚ್ಚಿ ತೆಗೆದ್ರೆ ಹಸಿ ಹಿಟ್ಟು ಅಂಟಿರಬಾರದು.

ಮಕ್ಕಳ ಜೊತೆ ಮಾಡುವಾಗ ನಿಜವಾಗ್ಲೂ ಯೋಚನೆ ಮಾಡ್ಬೇಕಾಗಿರೋದು ಕಲಸೋ ವಿಷಯ. ಚಮಚ ಕೈಗೆ ಸಿಕ್ರೆ ಮಕ್ಕಳು ಬಿಡಲ್ಲ, ತಿರುಗಿಸ್ತಾನೇ ಇರ್ತಾರೆ, ಆದ್ರೆ ಮೈದಾ ಸೇರಿದ ಮೇಲೆ ಜಾಸ್ತಿ ತಿರುಗಿಸಿದಷ್ಟೂ ಅದರೊಳಗಿನ ಗ್ಲೂಟನ್ ಬಿಗಿಯಾಗಿ ಮಫಿನ್ ರಬ್ಬರ್ ಥರ ಆಗುತ್ತೆ. ಹಾಗಂತ ಮಗು ಕೈಯಿಂದ ಚಮಚ ಕಿತ್ಕೊಂಡ್ರೆ ಈ ಕೆಲಸಕ್ಕೆ ಅರ್ಥನೇ ಇಲ್ಲ. ನಾನು ಮಾಡೋದು ಹೀಗೆ. ಒಂದು ದೊಡ್ಡ ಬೌಲಲ್ಲಿ ಬಾಳೆಹಣ್ಣು, ಸಕ್ಕರೆ, ಎಣ್ಣೆ, ಮೊಸರು ಹಾಕಿ ಚಿಕ್ಕವನ ಮುಂದೆ ಇಡ್ತೀನಿ, ಅದನ್ನ ಎಷ್ಟು ಹೊತ್ತು ಬೇಕಾದ್ರೂ ಹಿಸುಕಲಿ, ಬಡೀಲಿ, ತಿರುಗಿಸ್ಲಿ, ಏನೂ ಕೆಡಲ್ಲ, ಚೆನ್ನಾಗಿ ಹಿಸುಕಿದಷ್ಟೂ ಒಳ್ಳೇದೇ. ದೊಡ್ಡವಳು ತೂಕದ ಮಷೀನ್ ಮುಂದೆ ಕೂತು ಮೈದಾ ತೂಗ್ತಾಳೆ, 190 ಬರೋವರೆಗೂ ಒಂದೊಂದೇ ಚಮಚ ಹಾಕ್ತಾಳೆ, ಅಂಕಿ ಕಲಿಯೋಕೆ ಇದಕ್ಕಿಂತ ಒಳ್ಳೆ ಪಾಠ ನಾನು ಕಂಡಿಲ್ಲ, ಆಮೇಲೆ ಸೋಡಾ ಸೇರಿಸಿ ಜರಡಿ ಹಿಡೀತಾಳೆ. ಎರಡನ್ನೂ ಸೇರಿಸೋ ಕೊನೇ ಕೆಲಸ ಮಾತ್ರ ನನ್ನದು, ಒಣ ಹಿಟ್ಟು ಕಾಣದಷ್ಟು ಆದ ಕೂಡ್ಲೇ ನಿಲ್ಲಿಸ್ತೀನಿ, ಸಣ್ಣ ಗಂಟು ಉಳಿದ್ರೂ ಪರವಾಗಿಲ್ಲ. ಓವನ್ ಹತ್ರ ಇಬ್ಬರೂ ಬರೋ ಹಾಗಿಲ್ಲ, ಅದರಲ್ಲಿ ರಿಯಾಯಿತಿ ಇಲ್ಲ.

ಇನ್ನು ಹಸಿ ಹಿಟ್ಟು ನೆಕ್ಕೋದು. ಮೊಟ್ಟೆ ಇಲ್ವಲ್ಲ ಏನಾಗಲ್ಲ ಬಿಡು ಅಂತಾರೆ ಸುಮಾರು ಜನ, ಆದ್ರೆ ಹಸಿ ಮೈದಾದಲ್ಲೂ ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ ಇರಬಹುದು, ಅದು ಬೇಯಿಸಿದ್ರೆ ಮಾತ್ರ ಸಾಯುತ್ತೆ. ಬೇಡ ಬೇಡ ಅಂತ ಕೂಗ್ತಾ ಇರೋ ಬದಲು ಮೈದಾ ಹಾಕೋ ಮುಂಚೆನೇ ಹಿಸುಕಿದ ಬಾಳೆಹಣ್ಣಲ್ಲಿ ಸ್ವಲ್ಪ ಎರಡು ಬಟ್ಟಲಿಗೆ ತೆಗೆದಿಟ್ಟಿರ್ತೀನಿ, ನೆಕ್ಕೋದಿದ್ರೆ ಅದು.

ಹೋಗೋ ಮುಂಚೆ ಒಂದು ಫೋನ್ ಮಾಡೇ ಮಾಡ್ತೀನಿ. ಆ ಮನೇಲಿ ಯಾರಿಗಾದ್ರೂ ಅಲರ್ಜಿ ಇದೆಯಾ, ಶುಗರ್ ಇರೋರು ಇದಾರಾ, ಚಿಕ್ಕ ಮಕ್ಕಳು ಯಾವ ವಯಸ್ಸಿನವು ಅಂತ ಕೇಳ್ತೀನಿ. ಒಂದು ವರ್ಷದೊಳಗಿನ ಮಗುಗೆ ಜೇನುತುಪ್ಪ ಕೊಡಲೇಬಾರದು, ಬೇಕ್ ಮಾಡಿದ್ದರಲ್ಲಿ ಇದ್ರೂ ಬೇಡ. ಎರಡು ವರ್ಷದೊಳಗಿನವಕ್ಕೆ ಸಕ್ಕರೆ ಸೇರಿಸಿದ್ದು ಬೇಡ ಅಂತ ಡಾಕ್ಟರ್‌ಗಳು ಹೇಳ್ತಾರೆ, ಅಂಥ ಪುಟಾಣಿ ಇದ್ರೆ ಎರಡು ಮಫಿನ್ ಬರೀ ಹಣ್ಣಿನ ಸಿಹೀಲೇ ಮಾಡಿ ಬೇರೆ ಡಬ್ಬೀಲಿ ಹಾಕ್ತೀನಿ. ಇಡೀ ಬಾದಾಮಿ, ಗೋಡಂಬಿ ಐದು ವರ್ಷದೊಳಗಿನ ಮಕ್ಕಳ ಗಂಟಲಲ್ಲಿ ಸಿಕ್ಕಾಕೋಬಹುದು, ಹಾಗಾಗಿ ಹಾಕೋದಿದ್ರೆ ಪುಡಿ ಮಾಡೇ ಹಾಕೋದು. ಅದೇ ಫೋನಲ್ಲಿ ಇನ್ನೊಂದು ಮಾತೂ ಹೇಳ್ಬಿಡ್ತೀನಿ, ಅತ್ತೆ, ಅವನೇ ಡಬ್ಬಿ ತರ್ತಾನೆ, ಮೊದಲು ಡಬ್ಬಿ ಇಸ್ಕೊಳ್ಳಿ, ಎತ್ಕೊಳ್ಳೋದು ಮುದ್ದು ಮಾಡೋದು ಅವನಾಗೇ ಬಂದ ಮೇಲೆ ಅಂತ. ಯಾರೂ ಬೇಜಾರು ಮಾಡ್ಕೊಂಡಿಲ್ಲ, ಮಗು ವಿಷಯ ಬಿಡಿಸಿ ಹೇಳಿದ್ರೆ ದೊಡ್ಡವರಿಗೆ ಅರ್ಥ ಆಗೇ ಆಗುತ್ತೆ.

ಅಲ್ಲಿ ಹೋದ ಮೇಲೆ ನೋಡ್ಬೇಕು. ಅಜ್ಜಿ ಡಬ್ಬಿ ತೆಗೆದು ಇದನ್ನ ಯಾರು ಮಾಡಿದ್ದೋ ಅಂದ್ರೆ ಸಾಕು, ಬಾಯೇ ಬಿಡದ ಹುಡುಗ ನಾನು ಬಾಳೆಹಣ್ಣು ಹಿಸುಕಿದ್ದು ಅಂತಾನೆ, ಆಮೇಲೆ ಹೇಗೆ ಹಿಸುಕಿದ್ದು ಅಂತ ಎರಡೂ ಕೈಲಿ ತೋರಿಸ್ತಾನೆ, ಅಷ್ಟು ಹೊತ್ತಿಗೆ ನನ್ನ ಕಾಲು ಬಿಟ್ಟಾಗಿರುತ್ತೆ. ದೊಡ್ಡವಳು ಎಷ್ಟು ಜನ ಇದಾರೆ ಎಣಿಸಿ ತಟ್ಟೆ ಹಂಚ್ತಾಳೆ. ನಾನು ಅದನ್ನ ಊಟ ಆದ ಮೇಲೇ ತೆಗೆಸೋದು, ಇಲ್ಲಾಂದ್ರೆ ಮಕ್ಕಳು ಊಟಕ್ಕೆ ಕೂರಲ್ಲ, ಅಷ್ಟು ಕಷ್ಟಪಟ್ಟು ಅಡುಗೆ ಮಾಡಿದೋರಿಗೆ ನೋವಾಗುತ್ತೆ. ಸಿಹಿ ಕೊಟ್ರೆ ಮಕ್ಕಳು ಹಿಡಿತಕ್ಕೆ ಸಿಗಲ್ಲ ಕಣೆ ಅಂತ ಯಾರಾದ್ರೂ ಹೇಳ್ತಾನೇ ಇರ್ತಾರೆ. 1995ರಲ್ಲಿ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೇಲಿ ಇದರ ಬಗ್ಗೆ ನಡೆದ ಸುಮಾರು ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆ ಬಂತು, ಸಕ್ಕರೆಯಿಂದ ಮಕ್ಕಳ ನಡವಳಿಕೆ ಬದಲಾಗಲ್ಲ ಅಂತಾನೇ ಸಿಕ್ಕಿದ್ದು. ಹತ್ತು ಜನ ಅಣ್ಣ ತಂಗಿಯರು ಒಂದೇ ಮನೇಲಿ ಸೇರಿದ್ರೆ ಸಿಹಿ ಇಲ್ದೇನೂ ಓಡಾಡ್ತಾರೆ. ಹಲ್ಲಿಗೆ ಕೆಟ್ಟದ್ದು ಅನ್ನೋದು ಮಾತ್ರ ನಿಜ, ಒಂದೇ ಒಂದು ತಿಂದು ಬಾಯಿ ಮುಕ್ಕಳಿಸೋದು.

ನೆಂಟರೇ ನಮ್ಮನೆಗೆ ಬರೋದಾದ್ರೆ ಕುಕೀಸ್ ಸುಲಭ. 100 ಗ್ರಾಂ ಸಕ್ಕರೆ ಪುಡಿ, 200 ಗ್ರಾಂ ಬೆಣ್ಣೆ, 300 ಗ್ರಾಂ ಮೈದಾ, ಇಷ್ಟೇ, ಒಂದು ಎರಡು ಮೂರು ಅಂತ ದೊಡ್ಡವಳಿಗೂ ಬಾಯಿಪಾಠ. ಕಲಸಿ ಉದ್ದಕ್ಕೆ ಉರುಳೆ ಮಾಡಿ, ಬಟರ್ ಪೇಪರಲ್ಲಿ ಸುತ್ತಿ ಫ್ರೀಜರಲ್ಲಿ ಇಟ್ರೆ ಎರಡು ತಿಂಗಳು ಇರುತ್ತೆ. ಯಾರಾದ್ರೂ ದಿಢೀರ್ ಅಂತ ಬಂದ್ರೆ ಸ್ವಲ್ಪ ಹೊತ್ತು ಹೊರಗಿಟ್ಟು, ಬಿಲ್ಲೆ ಕತ್ತರಿಸಿ, 170 ಡಿಗ್ರೀಲಿ ಅಂಚು ಸ್ವಲ್ಪ ಕೆಂಪಗಾಗೋವರೆಗೆ, ಸುಮಾರು ಹದಿನೈದು ನಿಮಿಷ. ಬಂದಿರೋ ಮಕ್ಕಳಿಗೆ ಬಿಲ್ಲೆಗಳನ್ನ ಟ್ರೇ ಮೇಲೆ ಜೋಡಿಸೋಕೆ ಕೊಡಿ, ಪರಿಚಯ ಇಲ್ಲದ ಮಕ್ಕಳೂ ಅಷ್ಟರಲ್ಲಿ ಮಾತಿಗೆ ಶುರು ಮಾಡಿರ್ತಾರೆ.

ಪ್ಯಾಕ್ ಮಾಡೋ ಬಗ್ಗೆ ಒಂದು ಮಾತು. ಮಫಿನ್ ಪೂರ್ತಿ ಆರಿದ ಮೇಲೇ ಡಬ್ಬಿಗೆ ಹಾಕಿ, ಕೈಗೆ ಬೆಚ್ಚಗೆ ತಾಗಿದ್ರೂ ಒಳಗೆ ಆವಿ ಕಟ್ಟಿ ಮೇಲ್ಭಾಗ ಅಂಟಂಟು ಆಗುತ್ತೆ. ಕೆಳಗೊಂದು ಟಿಶ್ಯೂ ಹಾಸಿ, ಒಂದರ ಮೇಲೊಂದು ಪೇರಿಸ್ಬೇಡಿ. ಮಗು ಎರಡೂ ಕೈಲಿ ಹಿಡಿಯೋಕೆ ಆಗೋ ಸೈಜಿನ, ಮುಚ್ಚಳ ಗಟ್ಟಿ ಇರೋ ಡಬ್ಬಿನೇ ಆರಿಸಿ. ನೆಂಟರ ಮನೆ ಓವನಲ್ಲೇ ಮಾಡೋಣ ಅಂತ ಹೊರಟ್ರೆ ಅದರಲ್ಲಿ ಫ್ಯಾನ್ ಇದೆಯಾ ಕೇಳಿ, ಇದ್ರೆ 20 ಡಿಗ್ರಿ ಕಮ್ಮಿ ಇಡಿ, ಒಂದೊಂದು ಓವನ್ ಬಿಸಿ ಒಂದೊಂದು ಥರ ಇರುತ್ತೆ, ಹೇಳಿದ ಟೈಮಿಗಿಂತ ಐದು ನಿಮಿಷ ಮುಂಚೆನೇ ಕಡ್ಡಿ ಚುಚ್ಚಿ ನೋಡೋಕೆ ಶುರು ಮಾಡಿ.